ಗೇರ್‌ಬಾಕ್ಸಿನ ಬಾಯಿಗೆ ರಬ್ಬರಿನ ಬಳೆ

ಸಿರಸಂಗಿಗೆ ಬಂದವರು ಮೊದಲು ಕೇಳುವುದು ಕಾಳಮ್ಮನ ಗುಡಿಯ ದಾರಿಯನ್ನು. ಕಮ್ಮಾರರು, ಬಡಿಗರು, ಕಂಚುಗಾರರು, ಶಿಲ್ಪಿಗಳು, ಅಕ್ಕಸಾಲಿಗರು - ಈ ಐದು ಕಸುಬಿನ ವಿಶ್ವಕರ್ಮ ಸಮಾಜದವರಿಗೆ ಇಲ್ಲಿಯ ಕಾಳಿಕಾದೇವಿ ಕುಲದೇವತೆ. ಎರಡನೆಯದಾಗಿ ಕೇಳುವುದು ಲಿಂಗರಾಜ ದೇಸಾಯಿಯವರ ವಾಡೆಯನ್ನು. 1906ರಲ್ಲಿ ತೀರಿಕೊಂಡ ಆ ಮಹನೀಯರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟು ಹೋದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದೇ. ಊರಿನ ಟ್ರ್ಯಾಕ್ಟರ್ ಗ್ಯಾರೇಜನ್ನು ಮಾತ್ರ ಯಾರೂ ಸುಮ್ಮನೆ ಕೇಳುವುದಿಲ್ಲ. ಕೇಳುವ ಪ್ರಸಂಗ ಬಂತೆಂದರೆ ಅವಸರದಲ್ಲಿಯೇ ಕೇಳುತ್ತಾರೆ!

ನಮಗೆ ಆ ಪ್ರಸಂಗ ಬಂದದ್ದು 2010ರ ಹಿಂಗಾರಿ ಹಂಗಾಮಿನ ಮೊದಲಿಗೆ. ನಮ್ಮಣ್ಣನ ಟ್ರ್ಯಾಕ್ಟರಿನ ಗೇರ್‌ಬಾಕ್ಸಿನಿಂದ ದುಂಬಿ ಗುಂಯ್‌ಗುಟ್ಟಿದಂತೆ ಸದ್ದು ಬರತೊಡಗಿತ್ತು. ಮುಂದಿನ ಬೇರಿಂಗು ಹೋಗಿದೆ ಎಂದು ಮಿಸ್ತ್ರಿ ಹೇಳಿದ. ಆ ಬೇರಿಂಗನ್ನು ಮುಟ್ಟಬೇಕಾದರೆ ಟ್ರ್ಯಾಕ್ಟರನ್ನು ನಡುವಿಗೆ ಬಿಚ್ಚಿ, ಎಂಜಿನ್ನನ್ನು ಒಂದು ಕಡೆ, ಗೇರ್‌ಬಾಕ್ಸನ್ನು ಒಂದು ಕಡೆ ನಿಲ್ಲಿಸಬೇಕು. ಎರಡು ದಿನದ ಕೆಲಸ. ಹಣ ಕೊಡುವ ಹೊಣೆ ನನ್ನದಾದ್ದರಿಂದ ಶಾಲೆ ಬಿಟ್ಟ ಮೇಲೆ ನಾನೂ ಗ್ಯಾರೇಜಿಗೆ ಹೋದೆ.

ಮಿಸ್ತ್ರಿ ಶಾಫ್ಟನ್ನು ಹೊರಗೆ ಎಳೆದು, ಹಳೆಯ ಬೇರಿಂಗು ಕಿತ್ತು, ಹೊಸದನ್ನು ಕೂಡಿಸಿದ್ದ. ಬಳೆಯಂಥ ಒಂದು ಕರಿಯ ವಸ್ತುವನ್ನು ಬೆರಳಿಗೆ ಸಿಕ್ಕಿಸಿ ನನಗೆ ತೋರಿಸಿದ.

"ಸರ, ಶಾಫ್ಟ್ ಹೆಂಗೂ ಹೊರಗ ಬಂದೈತಿ. ಇದರ ಜೋಡಿ ಸೀಲೂ ಹೊಸಾದು ಹಾಕಿಬಿಡೂಣು. ನೂರೈವತ್ತು ರೂಪಾಯಿ ಮಾತು."

"ಇದು ಸೋರಾಕತ್ತಿಲ್ಲಲ್ಲಪಾ. ಚಲೋನ ಐತಿ. ಸುಮ್ನ ಯಾಕ ಬದಲಿ ಮಾಡೂದು?"

"ನಿಮ್ಮ ಮರ್ಜಿರಿ" ಎಂದು ಆತ ಅದೇ ಸೀಲನ್ನು ಒರೆಸಿ ಮತ್ತೆ ಹಾಕಿದ.

ಬಿ.ಎಸ್ಸಿ. ಓದಿದವನು ನಾನು, ಮಿಸ್ತ್ರಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಸೋರದ ಸೀಲನ್ನು ಬದಲಿಸುವುದು ದಂಡ ಎಂಬ ನನ್ನ ತರ್ಕದಲ್ಲಿ ತಪ್ಪೇನಿತ್ತು?

ಸೀಲು ಎಂದರೇನು?

ತಪ್ಪು ತಿಳಿಯಬೇಕಾದರೆ ಈ ಬಳೆಯ ಒಳಗನ್ನು ನೋಡಬೇಕು. ಗೇರ್‌ಬಾಕ್ಸು ಎಣ್ಣೆ ತುಂಬಿದ ಪೆಟ್ಟಿಗೆ. ಎಂಜಿನ್ನಿನ ಶಕ್ತಿಯನ್ನು ಒಳಗೆ ತರುವ ಶಾಫ್ಟಿಗಾಗಿ ಆ ಪೆಟ್ಟಿಗೆಗೆ ತೂತು ಬೇಕು. ತೂತು ಇದ್ದರೆ ಎಣ್ಣೆ ಹೊರಗೆ ಬರುತ್ತದೆ. ಬಿಗಿಯಾಗಿ ಮುಚ್ಚಿದರೆ ಶಾಫ್ಟು ತಿರುಗುವುದಿಲ್ಲ. ತಿರುಗುವುದಕ್ಕೆ ಬಿಡಬೇಕು, ಸೋರುವುದಕ್ಕೆ ಬಿಡಬಾರದು. ಈ ಇಕ್ಕಟ್ಟನ್ನು ಬಿಡಿಸುವುದೇ ಆಯಿಲ್ ಸೀಲು.

ಹೊರಗಿನ ಸುತ್ತು ತಗಡಿನದು. ಅದು ಗೇರ್‌ಬಾಕ್ಸಿನ ತೂತಿನಲ್ಲಿ ಬಿಗಿಯಾಗಿ ಕೂಡುತ್ತದೆ. ಒಳಗಿನದು ರಬ್ಬರಿನ ತುಟಿ. ತುಟಿಯ ಬೆನ್ನಿಗೆ ಕೂದಲೆಳೆಯಂಥ ತಂತಿಯ ಸುರುಳಿಯೊಂದು ಉಡಿದಾರದ ಹಾಗೆ ಸುತ್ತಿಕೊಂಡು, ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿದಿರುತ್ತದೆ. ಆದರೆ ರಬ್ಬರು ಶಾಫ್ಟಿಗೆ ನೇರವಾಗಿ ತಾಗಿದರೆ ಕ್ಷಣದಲ್ಲಿ ಸುಟ್ಟುಹೋದೀತು! ಅವೆರಡರ ನಡುವೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ದಪ್ಪದ ಎಣ್ಣೆಯ ಪೊರೆ ಇರುತ್ತದೆ. ತುಟಿ ತೇಲುವುದು ಈ ಪೊರೆಯ ಮೇಲೆ.

ಹಾಗಾದರೆ ಆ ಪೊರೆಯೇ ಹೊರಗೆ ಹರಿದು ಬರುವುದಿಲ್ಲವೆ? ಇಲ್ಲಿಯೇ ಇರುವುದು ಜಾಣತನ. ತುಟಿಯ ಎರಡು ಇಳುಕಲುಗಳು ಒಂದೇ ಸಮನಾಗಿಲ್ಲ. ಎಣ್ಣೆಯ ಕಡೆಗಿನ ಇಳುಕಲು ಕಡಿದು, ಗಾಳಿಯ ಕಡೆಗಿನದು ಸಪಾಟು. ಶಾಫ್ಟು ತಿರುಗುವಾಗ ಈ ಏರುಪೇರಿನಿಂದಾಗಿ ತುಟಿಯು ತನ್ನ ಕೆಳಗೆ ನುಸುಳಿದ ಎಣ್ಣೆಯನ್ನು ಪಂಪಿನ ಹಾಗೆ ಮತ್ತೆ ಒಳಕ್ಕೇ ತಳ್ಳುತ್ತಿರುತ್ತದೆ. ಸೀಲನ್ನು ತಿರುವುಮುರುವು ಹಾಕಿದರೆ ಇದೇ ಪಂಪು ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. "ಸ್ಪ್ರಿಂಗ್ ಇದ್ದ ಮಗ್ಗಲು ಎಣ್ಣೀ ಕಡೆ" ಎಂದು ಗ್ಯಾರೇಜಿನ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುವುದು ಇದಕ್ಕಾಗಿ.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ಶಾಫ್ಟಿನ ವ್ಯಾಸ 35 ಮಿಲಿಮೀಟರ್ ಎನ್ನೋಣ. ಸುತ್ತಳತೆ ಸುಮಾರು 11 ಸೆಂಟಿಮೀಟರ್. ನಿಮಿಷಕ್ಕೆ 1500 ಸುತ್ತು ತಿರುಗಿದರೆ ತುಟಿಯ ಕೆಳಗೆ 165 ಮೀಟರ್ ಲೋಹ ಸರಿಯುತ್ತದೆ. ತಾಸಿಗೆ ಹೆಚ್ಚುಕಡಿಮೆ 10 ಕಿಲೋಮೀಟರ್. ಎಂಟು ತಾಸು ರಂಟೆ ಹೊಡೆದರೆ ತುಟಿಯ ನಡಿಗೆ 80 ಕಿಲೋಮೀಟರ್! ತಾಸಿಗೆ ನಾಲ್ಕು ಕಿಲೋಮೀಟರಿನಂತೆ ಸಾಗುವ ಟ್ರ್ಯಾಕ್ಟರು ಅಷ್ಟು ಹೊತ್ತಿನಲ್ಲಿ ನಡೆಯುವುದು 32 ಮಾತ್ರ.

ಹೀಗೆ ವರ್ಷಗಟ್ಟಲೆ ನಡೆದ ತುಟಿ ಸವೆಯುತ್ತದೆ, ಕಾವಿಗೆ ಗಡುಸಾಗುತ್ತದೆ. ಮೆತ್ತನೆಯ ರಬ್ಬರು ಗಟ್ಟಿ ಶಾಫ್ಟಿನ ಮೇಲೆ ಗೆರೆಯನ್ನೂ ಕೊರೆಯುತ್ತದೆ. ಎಣ್ಣೆಯೊಂದಿಗೆ ಸೇರಿದ ಧೂಳು ಅದಕ್ಕೆ ಅರದ ಹಾಗೆ ನೆರವಾಗುತ್ತದೆ. ಗಡುಸಾದ ತುಟಿ ಮತ್ತು ಅದು ತಾನೇ ಕೊರೆದ ಗೆರೆ ಒಂದಕ್ಕೊಂದು ಹೊಂದಿಕೊಂಡು, ಹಳೆಯ ಗಂಡಹೆಂಡಿರ ಹಾಗೆ ಹೇಗೋ ಸಂಸಾರ ಮಾಡುತ್ತಿರುತ್ತವೆ. ಶಾಫ್ಟನ್ನು ಒಮ್ಮೆ ಹೊರಗೆ ಎಳೆದು ಮತ್ತೆ ತೂರಿಸಿದಿರೋ, ಆ ಹೊಂದಾಣಿಕೆ ಮುಗಿಯಿತು. ತುಟಿ ಕೂದಲೆಳೆಯಷ್ಟು ಆಚೆಗೋ ಈಚೆಗೋ ಕೂಡುತ್ತದೆ. ಗಡುಸಾದದ್ದರಿಂದ ಹೊಸ ಜಾಗಕ್ಕೆ ಬಾಗುವುದಿಲ್ಲ. ಶಾಫ್ಟಿನ ತುದಿಯ ಹಲ್ಲುಗಳು ತೂರುವಾಗ ಅದನ್ನು ಗೀರುವುದೂ ಉಂಟು. ಬಿಚ್ಚುವ ಮೊದಲು ಸೋರುತ್ತಿರಲಿಲ್ಲ ಎಂಬುದು ಮತ್ತೆ ಜೋಡಿಸಿದ ಮೇಲೆ ಸೋರುವುದಿಲ್ಲ ಎಂಬುದಕ್ಕೆ ಸಾಕ್ಷಿಯೇ ಅಲ್ಲ. ನನ್ನ ತರ್ಕ ಮುಗ್ಗರಿಸಿದ್ದು ಇಲ್ಲಿ.

ಹಸ್ತದ ಮಳೆ ಹದವಾಗಿ ಬಿತ್ತು. ಎರಿ ಹೊಲ ಬಿತ್ತನೆಗೆ ಬಂತು. ಬಿಳಿಜೋಳ ಬಿತ್ತಲು ನಾಲ್ಕು ಎಕರೆ ಉಳಿದಿದ್ದಾಗ ಟ್ರ್ಯಾಕ್ಟರು ಏದುಸಿರು ಬಿಡತೊಡಗಿತು. ಎಂಜಿನ್ನು ಕೂಗುತ್ತದೆ, ಗಾಲಿ ಮುಂದೆ ಹೋಗುವುದಿಲ್ಲ. ಹಳೆಯ ಸೀಲಿನಿಂದ ಜಿನುಗಿದ ಎಣ್ಣೆ ಕ್ಲಚ್ ಪ್ಲೇಟಿಗೆ ಹತ್ತಿತ್ತು. ಘರ್ಷಣೆಯಿಂದಲೇ ಬದುಕುವ ಪ್ಲೇಟಿಗೆ ಎಣ್ಣೆ ಹತ್ತಿದರೆ ಅದರ ಕಥೆ ಮುಗಿದಂತೆ. ಮತ್ತೆ ಟ್ರ್ಯಾಕ್ಟರನ್ನು ನಡುವಿಗೆ ಬಿಚ್ಚಬೇಕು. ಬಿತ್ತನೆಯ ಕಾಲದಲ್ಲಿ ಗ್ಯಾರೇಜಿನ ಮುಂದೆ ಆರು ಟ್ರ್ಯಾಕ್ಟರುಗಳ ಪಾಳಿ. ನಮ್ಮದು ಸಿದ್ಧವಾಗುವಷ್ಟರಲ್ಲಿ ಒಂಬತ್ತು ದಿನ ಕಳೆದು, ನೆಲದ ಮೇಲ್ಪದರದ ಹಸಿ ಆರಿಹೋಗಿತ್ತು. ಕೊನೆಗೆ ಚಿತ್ತಿ ಮಳೆಗೆ ಆ ನಾಲ್ಕು ಎಕರೆಗೆ ಕಡಲೆ ಹಾಕಿದೆವು. ಕಡಲೆ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಜೋಳದ ಕಣಿಕೆ ಇಲ್ಲವಾಗಿ ಆ ಬೇಸಿಗೆಯಲ್ಲಿ ಎತ್ತು ಎಮ್ಮೆಗಳಿಗೆ ಮೇವನ್ನು ಕೊಂಡು ಹಾಕಬೇಕಾಯಿತು. ಉಳಿಸಿದ್ದು ನೂರೈವತ್ತು ರೂಪಾಯಿ. ಅಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ; ಅದೇ ಹೆಚ್ಚು ಚುಚ್ಚಿತು.

ಚರ್ಮದಿಂದ ರಬ್ಬರಿಗೆ

ನಮ್ಮ ಹಿರಿಯರ ಚಕ್ಕಡಿಗೆ ಸೀಲು ಇರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಸವರಿ, ಗಾಲಿ ಸಿಕ್ಕಿಸಿ, ಕಡಾಣಿ ಬಡಿದರೆ ಆಯಿತು. ಎಣ್ಣೆ ಸೋರುತ್ತಿತ್ತು, ಮತ್ತೆ ಸವರುತ್ತಿದ್ದರು. ಚಕ್ಕಡಿಯ ವೇಗಕ್ಕೆ ಅಷ್ಟು ಸಾಕು. ಗಾಳಿ ನೀರುಗಳನ್ನು ತಡೆಯಬೇಕಾದಲ್ಲಿ ಮಾತ್ರ ಚರ್ಮ ಬರುತ್ತಿತ್ತು: ಕಮ್ಮಾರನ ತಿದಿಯಲ್ಲಿ, ಬಾವಿಯಿಂದ ನೀರೆತ್ತುವ ಮೊಟ್ಟೆಯಲ್ಲಿ. ಸೈಕಲ್ ಪಂಪಿನ ಒಳಗಿರುವ ಬಟ್ಟಲಿನಾಕಾರದ ಚರ್ಮದ ವಾಷರನ್ನು ಬಿಚ್ಚಿ ನೋಡಿದವರಿಗೆ ಸೀಲಿನ ಮೂಲತತ್ವ ಅರ್ಧ ತಿಳಿದಂತೆಯೇ. ಪಂಪು ಒತ್ತಿದಾಗ ಒಳಗಿನ ಗಾಳಿಯೇ ಬಟ್ಟಲಿನ ಅಂಚನ್ನು ಕೊಳವೆಗೆ ಒತ್ತಿ ಹಿಡಿಯುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚು!

ಯಂತ್ರಗಳ ಸೀಲೂ ಮೊದಲಿಗೆ ಚರ್ಮದ್ದೇ. ಜರ್ಮನಿಯ ವೈನ್‌ಹೈಮ್ ಎಂಬ ಊರಿನಲ್ಲಿ ಫ್ರಾಯ್ಡೆನ್‌ಬರ್ಗ್ ಎಂಬ ಮನೆತನದವರ ಚರ್ಮ ಹದಮಾಡುವ ಕಾರ್ಖಾನೆ ಇತ್ತು. 1929ರಲ್ಲಿ ಅವರು ಯಂತ್ರಗಳಿಗೆ ಚರ್ಮದ ಸೀಲು ಮಾಡುವುದಕ್ಕೆ ಇಳಿದರು. ಅಲ್ಲಿಯ ಎಂಜಿನಿಯರ್ ವಾಲ್ಟರ್ ಸಿಮ್ಮರ್ ರೂಪಿಸಿದ ಶಾಫ್ಟ್ ಸೀಲು ಇಂದಿಗೂ ಆ ದೇಶದಲ್ಲಿ ಸಿಮ್ಮರನ ಉಂಗುರವೆಂದೇ ಪ್ರಸಿದ್ಧ. 1936ರ ಹೊತ್ತಿಗೆ ಚರ್ಮದ ಜಾಗಕ್ಕೆ ಕೃತಕ ರಬ್ಬರು ಬಂತು.

ಕೃತಕವೇ ಏಕೆ, ಮರದ ಹಾಲಿನ ರಬ್ಬರು ಸಾಲದೆ? ಇದನ್ನು ನಮ್ಮ ಶಾಲೆಯಲ್ಲಿ ಮಕ್ಕಳೇ ಕಂಡುಕೊಂಡರು. ಒಡೆದ ಬಲೂನಿನ ಒಂದು ತುಂಡು, ಗ್ಯಾರೇಜಿನಿಂದ ತಂದ ಹಳೆಯ ಸೀಲಿನ ತುಟಿಯ ಒಂದು ತುಂಡು. ಎರಡರ ಉದ್ದವನ್ನೂ ಬರೆದಿಟ್ಟುಕೊಂಡು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಡೀಸೆಲ್ ಹಾಕಿ ಒಂದು ರಾತ್ರಿ ಮುಳುಗಿಸಿಟ್ಟೆವು. ಮರುದಿನ ಬಲೂನಿನ ತುಂಡು ಉಬ್ಬಿ, ಜೋಲುಬಿದ್ದು, ಮುಟ್ಟಿದರೆ ಹರಿಯುವಂತಾಗಿತ್ತು. ಸೀಲಿನ ತುಂಡು ಇದ್ದಂತೆಯೇ ಇತ್ತು. (ಮನೆಯಲ್ಲಿ ಮಾಡುವವರು ಹಿರಿಯರನ್ನು ಜೊತೆಗಿಟ್ಟುಕೊಂಡು, ಒಲೆಯಿಂದ ದೂರ ಮಾಡಿ.) ಸೀಲಿನದು ನೈಟ್ರೈಲ್ ಎಂಬ ರಬ್ಬರು; ಎಣ್ಣೆಯ ಅಣುಗಳು ಅದರೊಳಗೆ ಸುಲಭವಾಗಿ ನುಗ್ಗಲಾರವು. ಅದರ ಮಿತಿ ಸುಮಾರು 100 ಡಿಗ್ರಿ ಸೆಲ್ಸಿಯಸ್. ಅದಕ್ಕೂ ಹೆಚ್ಚು ಕಾವಿರುವಲ್ಲಿ ಫ್ಲೋರಿನ್ ಸೇರಿದ ದುಬಾರಿ ರಬ್ಬರು ಬೇಕು.

ಚಳಿಗೂ ಮಿತಿಯುಂಟು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಮಡಿದದ್ದಕ್ಕೆ ಕಾರಣ ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರಿನ ಬಳೆ. ಹಿಂದಿನ ರಾತ್ರಿಯ ಕೊರೆಯುವ ಚಳಿಗೆ ಅದು ಪುಟಿಯುವ ಗುಣವನ್ನು ಕಳೆದುಕೊಂಡಿತ್ತು. ವಿಚಾರಣೆಯ ವೇಳೆ ನೊಬೆಲ್ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಚಿಮುಟಕ್ಕೆ ಸಿಕ್ಕಿಸಿ, ಬರ್ಫದ ನೀರಿನ ಲೋಟದಲ್ಲಿ ಅದ್ದಿ ತೆಗೆದು ಎಲ್ಲರ ಮುಂದೆ ತೋರಿಸಿದರು. ಲೋಟ ನೀರಿನ ಪ್ರಯೋಗ! ನಮ್ಮ ಹೈಸ್ಕೂಲುಗಳಲ್ಲಿ ಪ್ರಯೋಗಕ್ಕೆ ಸಾಮಾನಿಲ್ಲ ಎನ್ನುವವರು (ನಾನೂ ಅಂದವನೇ) ಇದನ್ನು ನೆನೆಯಬೇಕು.

ಹೊಸ ಸೀಲೂ ಸೋರಿತು

ಇತ್ತ ನಮ್ಮ ಕಥೆ ಮುಗಿದಿರಲಿಲ್ಲ. ಎರಡನೆಯ ಸಲ ಹೊಸ ಕ್ಲಚ್ ಪ್ಲೇಟಿನೊಂದಿಗೆ ಹೊಸ ಸೀಲನ್ನೂ ಹಾಕಿಸಿದೆವು. ಈ ಸಲ ಮಿಸ್ತ್ರಿಯ ಕೆಲಸವನ್ನು ಕಣ್ಣಿಟ್ಟು ನೋಡಿದೆ. ಶಾಫ್ಟಿನ ಹಳೆಯ ಗೆರೆಯನ್ನು ಉಗುರಿನಿಂದ ಮುಟ್ಟಿ ನೋಡಿದ. ಹೊಸ ತುಟಿ ಅದೇ ಗೆರೆಯ ಮೇಲೆ ಕೂಡದಂತೆ ಸೀಲನ್ನು ಒಂದೆರಡು ಮಿಲಿಮೀಟರ್ ಈಚೆಗೆ ನಿಲ್ಲಿಸಿದ. ಶಾಫ್ಟಿನ ಹಲ್ಲುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ತುಟಿಗೆ ಗೇರೆಣ್ಣೆ ಸವರಿ, ಸೀಲಿನ ಅಗಲಕ್ಕೆ ಸರಿಯಾದ ಕೊಳವೆಯ ತುಂಡನ್ನು ಅದರ ಮೇಲಿಟ್ಟು ಮೆಲ್ಲಗೆ ಬಡಿದ. ಬರಿಯ ಸುತ್ತಿಗೆಯಿಂದ ಒಂದು ಮಗ್ಗಲಿಗೆ ಹೊಡೆದರೆ ಸೀಲು ವಾರೆಯಾಗುತ್ತದೆ. ಎಣ್ಣೆ ಸವರದೆ ಒಣ ತುಟಿಯನ್ನು ಹಾಕಿದರೆ ಮೊದಲ ನಿಮಿಷದಲ್ಲಿಯೇ ಸುಡುತ್ತದೆ.

ಇಷ್ಟಾದರೂ ಜನವರಿ ಹೊತ್ತಿಗೆ ಕ್ಲಚ್ಚಿನ ಮನೆಯ ಕೆಳಗೆ ಎಣ್ಣೆಯ ಮಚ್ಚೆ ಮತ್ತೆ ಕಂಡಿತು. ಸೀಲು ನಕಲಿ ಇರಬೇಕು, ಅಂಗಡಿಯವನು ಮೋಸ ಮಾಡಿದ ಎಂದು ನಾನು ಹಾರಾಡಿದೆ. ಮಿಸ್ತ್ರಿ ಮಾತಾಡಲಿಲ್ಲ. ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿ, ಗೇರ್‌ಬಾಕ್ಸಿನ ಮೇಲಿದ್ದ, ಹೆಬ್ಬೆರಳು ಗಾತ್ರದ ಒಂದು ಟೋಪಿಯನ್ನು ಪಾನಾ ಹಚ್ಚಿ ಬಿಚ್ಚಿದ. 'ಫುಸ್' ಎಂದು ಗಾಳಿ ಹೊರಬಿತ್ತು. ಆ ಟೋಪಿಯ ತೂತಿನಲ್ಲಿ ನಮ್ಮ ಹೊಲದ ಎರಿಮಣ್ಣು ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂತಿತ್ತು.

"ಇದು ಉಸಿರಾಡೂ ತೂತ್ರಿ ಸರ. ಮೂಗು ಮುಚ್ಚಿದ್ರ ಬಾಯಿಲೆ ಉಸಿರಾಡತೈತಿ."

ನಾನು ಬೆವತುಹೋದೆ. ಗಾತ್ರ ಬದಲಾಗದಂತೆ ಮುಚ್ಚಿಟ್ಟ ಅನಿಲವನ್ನು ಕಾಯಿಸಿದರೆ ಒತ್ತಡ ಏರುತ್ತದೆ ಎಂದು ಇಪ್ಪತ್ತು ವರ್ಷಗಳಿಂದ ಪಾಠ ಹೇಳಿದವನು ನಾನು! ಬೆಳಿಗ್ಗೆ ಗೇರ್‌ಬಾಕ್ಸಿನೊಳಗಿನ ಗಾಳಿ 30 ಡಿಗ್ರಿ, ಅಂದರೆ 303 ಕೆಲ್ವಿನ್. ಮಧ್ಯಾಹ್ನ ದುಡಿದು ಕಾದಾಗ 90 ಡಿಗ್ರಿ, ಅಂದರೆ 363 ಕೆಲ್ವಿನ್. 363ನ್ನು 303ರಿಂದ ಭಾಗಿಸಿದರೆ 1.2. ಒತ್ತಡ ಐದನೆಯ ಒಂದು ಭಾಗದಷ್ಟು ಏರಿತು. ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 200 ಗ್ರಾಂ ಭಾರ. ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಸಮನಾಗಿರುವಲ್ಲಿ ಕೆಲಸ ಮಾಡಲೆಂದೇ ಇಂಥ ಸೀಲು ತಯಾರಾದದ್ದು. ದಿನವಿಡೀ ಈ ಒತ್ತಡ ಬಿದ್ದರೆ ತುಟಿ ಶಾಫ್ಟಿಗೆ ಅಮುಕಿ ಬೇಗ ಸವೆಯುತ್ತದೆ, ಎಣ್ಣೆ ಸಂದಿ ಹುಡುಕುತ್ತದೆ. ರಾತ್ರಿ ತಣ್ಣಗಾದಾಗ ಇದರ ವಿರುದ್ಧ: ಒಳಗೆ ಒತ್ತಡ ಕಡಿಮೆಯಾಗಿ, ತುಟಿಯ ಸಂದಿನಿಂದ ಧೂಳೂ ತೇವವೂ ಒಳಕ್ಕೆ ಸೆಳೆಯಲ್ಪಡುತ್ತವೆ.

ಟೋಪಿಯನ್ನು ಡೀಸೆಲಿನಲ್ಲಿ ತೊಳೆದು, ತಂತಿ ಹಾಕಿ ತೂತು ಬಿಡಿಸಿ ಹಾಕಿದ. ಮಚ್ಚೆ ಬೆಳೆಯುವುದು ನಿಂತಿತು. ಟ್ರ್ಯಾಕ್ಟರನ್ನು ಮೂರನೆಯ ಸಲ ಬಿಚ್ಚುವ ಪ್ರಸಂಗ ಬರಲಿಲ್ಲ.

ಗೇರಿಲ್ಲದ ಗಾಡಿಗಳು

ಈಗ ನಮ್ಮ ಕಡೆಗೂ 'ಗೇರಿಲ್ಲದ' ಗಾಡಿಗಳು ಬಂದಿವೆ. ಗೇರು ಇಲ್ಲದೆ ಇಲ್ಲ; ಬದಲಿಸುವ ಕೆಲಸ ನಮ್ಮ ಕೈಯಲ್ಲಿಲ್ಲ, ಅಷ್ಟೆ. ನಮ್ಮ ದೇಶದ ಜನಕ್ಕೆ ಇದರ ರುಚಿ ಹತ್ತಿಸಿದ್ದು 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರು. ಇಂದು ಶಿಕ್ಷಕಿಯರು, ಕಾಲೇಜು ಹುಡುಗಿಯರು ಓಡಿಸುವ ಬಹುಪಾಲು ಪೆಟ್ರೋಲ್ ಸ್ಕೂಟರುಗಳಲ್ಲಿ ಹಲ್ಲಿನ ಗೇರುಗಳ ಬದಲು ರಬ್ಬರಿನ ಬೆಲ್ಟು ಕೆಲಸ ಮಾಡುತ್ತದೆ. ಬೆಲ್ಟಿನ ಕೋಣೆ ಒಣಗಿರಬೇಕು. ಅದರ ಒಂದು ತುದಿಗೆ ಎಂಜಿನ್ನಿನ ಎಣ್ಣೆ, ಇನ್ನೊಂದು ತುದಿಗೆ ಹಿಂಗಾಲಿಯ ಗೇರೆಣ್ಣೆ. ನಡುವೆ ಕಾವಲು ಮತ್ತೆ ಅದೇ ರಬ್ಬರಿನ ಬಳೆಗಳು. ಅವು ಸೋತರೆ ಬೆಲ್ಟು ಜಾರುತ್ತದೆ.

ದೊಡ್ಡ ಕಾರುಗಳ ಪೂರ್ಣ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಸೀಲಿನ ಕೆಲಸ ಇನ್ನೂ ಗಹನ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1939ರಲ್ಲಿ ಹೊರತಂದ 'ಹೈಡ್ರಾಮ್ಯಾಟಿಕ್' ಇದರ ಹಿರಿಯಣ್ಣ. ಇಲ್ಲಿ ಎಣ್ಣೆ ಬರಿಯ ನುಣುಪಿಗಲ್ಲ. ಎಣ್ಣೆಯೇ ಕೈ, ಎಣ್ಣೆಯೇ ಕಾಲು. ಪಂಪಿನಿಂದ ಒತ್ತಡಕ್ಕೊಳಗಾದ ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನು ಕ್ಲಚ್ಚಿನ ಬಿಲ್ಲೆಗಳನ್ನು ಅದುಮುತ್ತದೆ. ಪಾಸ್ಕಲನ ನಿಯಮ! ಚದರ ಸೆಂಟಿಮೀಟರಿಗೆ 10 ಕಿಲೋ ಒತ್ತಡ, 100 ಚದರ ಸೆಂಟಿಮೀಟರಿನ ಪಿಸ್ಟನ್ನು ಎಂದಿಟ್ಟುಕೊಂಡರೆ ಬೀಳುವ ಬಲ 1000 ಕಿಲೋ. ಪಿಸ್ಟನ್ನಿನ ಸುತ್ತಲಿನ ರಬ್ಬರು ಗಡುಸಾಗಿ ಎಣ್ಣೆ ಒಳಗೊಳಗೇ ಜಾರಿಹೋದರೆ ಆ ಬಲ ಹುಟ್ಟುವುದಿಲ್ಲ. ಬಿಲ್ಲೆಗಳು ಜಾರಿ ಸುಡುತ್ತವೆ. ನೆಲದ ಮೇಲೆ ಮಾತ್ರ ಒಂದು ಹನಿಯೂ ಬಿದ್ದಿರುವುದಿಲ್ಲ! ಆದ್ದರಿಂದಲೇ ಇಂಥ ಗೇರ್‌ಬಾಕ್ಸನ್ನು ರಿಪೇರಿಗೆ ಬಿಚ್ಚಿದವರು ಒಳಗಿನ, ಹೊರಗಿನ ರಬ್ಬರುಗಳನ್ನೆಲ್ಲ ಒಟ್ಟಿಗೇ ಬದಲಿಸುತ್ತಾರೆ. ಹಳೆಯ ಪೆಟ್ಟಿಗೆಯನ್ನು ತಂದು ಕೂಡಿಸುವವರು ಕೂಡ ಕನಿಷ್ಠಪಕ್ಷ ಎಂಜಿನ್ನಿನ ಕಡೆಯ ಪಂಪಿನ ಸೀಲನ್ನೂ, ಶಕ್ತಿ ಹೊರಬರುವ ಕಡೆಯ ಸೀಲುಗಳನ್ನೂ ನೆಲದ ಮೇಲೆ ಇದ್ದಾಗಲೇ ಹೊಸದು ಹಾಕುವುದು ರೂಢಿ. ಮುಂದಿನ ಸೀಲು ಗಾಡಿಗೆ ಏರಿದ ಮೇಲೆ ಸೋರಿತೆಂದರೆ ಇಡೀ ಪೆಟ್ಟಿಗೆಯನ್ನು ಮತ್ತೆ ಇಳಿಸಬೇಕು.

(ಒಂದು ಕಾಲದಲ್ಲಿ ಈ ಗೇರ್‌ಬಾಕ್ಸಿನ ಎಣ್ಣೆಗೆ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ತಿಮಿಂಗಿಲಗಳ ರಕ್ಷಣೆಗೆಂದು 1970ರ ದಶಕದ ಮೊದಲಿಗೆ ಅಮೆರಿಕ ಅದನ್ನು ನಿಲ್ಲಿಸಿದಾಗ ರಸಾಯನಶಾಸ್ತ್ರಜ್ಞರು ಬದಲಿ ಹುಡುಕಬೇಕಾಯಿತು. ಕಾರಿನ ಗೇರಿಗೂ ಸಮುದ್ರದ ಪ್ರಾಣಿಗೂ ಎಲ್ಲಿಯ ನಂಟು!)

ಎರಡು ಪೆಡಲಿನ ಕಾರುಗಳೆಲ್ಲ ಈ ಜಾತಿಯವಲ್ಲ. ಅಗ್ಗದ ಎಷ್ಟೋ ಕಾರುಗಳಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ಚು ಒತ್ತುವ, ಗೇರು ಹಾಕುವ ಕೆಲಸವನ್ನು ಮನುಷ್ಯನ ಬದಲು ಯಂತ್ರ ಮಾಡುತ್ತದೆ. ಕೊಳ್ಳುವ ಮುಂಚೆ ಪಾಲಕರು ಇದನ್ನು ಕೇಳಿ ತಿಳಿದರೆ ಮುಂದೆ ರಿಪೇರಿಯ ಖರ್ಚಿಗೆ ಗಾಬರಿಯಾಗುವುದು ತಪ್ಪುತ್ತದೆ.

ಪಾಲಕರಿಗೆ ಇನ್ನೊಂದು ವಿಷಯ. ನನ್ನ ವಿದ್ಯಾರ್ಥಿಯೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಬಿದ್ದು, ಆ ಗ್ಯಾರೇಜಿಗೆ ಸೇರಿದ. ಅವನ ತಂದೆ ನನ್ನ ಮುಂದೆ ಕಣ್ಣೀರು ಹಾಕಿದ್ದರು. ಹುಡುಗ ಹಾಳಾದ ಎಂದೇ ಅವರ ನಂಬಿಕೆ. ಟೋಪಿ ಬಿಚ್ಚಿದ ದಿನ ಅವನೂ ಅಲ್ಲಿದ್ದ. 303, 363ರ ಲೆಕ್ಕವನ್ನು ಸೀಮೆಸುಣ್ಣದಿಂದ ಗ್ಯಾರೇಜಿನ ತಗಡಿನ ಬಾಗಿಲ ಮೇಲೆ ಬರೆದು ತೋರಿಸಿದೆ. "ಸರ, ಇದನ್ನ ಸಾಲ್ಯಾಗ ಹಿಂಗ ಹೇಳಿದ್ರ ತಿಳೀತಿತ್ತಲ್ರಿ" ಎಂದ. ಉತ್ತರ ಕೊಡಲು ನನಗಾಗಲಿಲ್ಲ. ಮರುಪರೀಕ್ಷೆಗೆ ಕಟ್ಟಿಸಿದೆ, ಪಾಸಾಗಿ, ಐ.ಟಿ.ಐ.ನಲ್ಲಿ ಮೋಟಾರು ಮೆಕ್ಯಾನಿಕ್ ಎರಡು ವರ್ಷದ ತರಬೇತಿ ಮುಗಿಸಿ, ಈಗ ಧಾರವಾಡದಲ್ಲಿ ಆಟೊಮ್ಯಾಟಿಕ್ ಕಾರುಗಳನ್ನು ರಿಪೇರಿ ಮಾಡುತ್ತಾನೆ. ಮೇಲೆ ಬರೆದದ್ದರಲ್ಲಿ ಪಿಸ್ಟನ್ನಿನ ಭಾಗವನ್ನು ತಿದ್ದಿಕೊಟ್ಟವನು ಅವನೇ.

ಅಣ್ಣನ ಟ್ರ್ಯಾಕ್ಟರು ಇನ್ನೂ ಇದೆ. ಪ್ರತಿ ವರ್ಷ ಹಿಂಗಾರಿ ಬಿತ್ತನೆಗೆ ಮೊದಲು ಆ ಟೋಪಿಯನ್ನು ಬಿಚ್ಚಿ, ಡೀಸೆಲಿನಲ್ಲಿ ತೊಳೆದು, ಬಾಯಿಗೆ ಹಿಡಿದು ಊದಿ ನೋಡುತ್ತಾನೆ. ನಾನು ಅಂಗಳದಲ್ಲಿದ್ದರೆ ಅದನ್ನು ಸುಮ್ಮನೆ ನನ್ನ ಕೈಗೆ ಕೊಡುತ್ತಾನೆ. ನಾನೂ ಒಮ್ಮೆ ಊದಿ ವಾಪಸು ಕೊಡುತ್ತೇನೆ.